ಉಬ್ಬು ಗೆರೆಯ ಶಾಯಿ ಒಣಗಿಸುವ ದಾರಿಗಳು: ಬೆಳಗಾವಿಯ ಮಳೆಗೆ ಯಾವುದು, ವಿಜಯಪುರದ ಬಿಸಿಲಿಗೆ ಯಾವುದು

ಶೇರು ಪತ್ರ, ಘಟಿಕೋತ್ಸವದ ಪ್ರಮಾಣಪತ್ರ, ಸಂಸ್ಥೆಯ ಬಾಂಡು, ಇವುಗಳ ಮೇಲೆ ಬೆರಳಾಡಿಸಿದರೆ ಗೆರೆ ಕೈಗೆ ಹತ್ತಬೇಕು. ಇಂಟಾಗ್ಲಿಯೊ ಮುದ್ರಣಕ್ಕೆ ಗಿರಾಕಿ ಹೆಚ್ಚಿನ ದುಡ್ಡು ಕೊಡುವುದೇ ಅದಕ್ಕೆ. ತಟ್ಟೆಯಲ್ಲಿ ಕೊರೆದ ಗೆರೆಯೊಳಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಭಾರೀ ಒತ್ತಡದಲ್ಲಿ ಕಾಗದವನ್ನು ಗೆರೆಯೊಳಕ್ಕೆ ತಳ್ಳಿದಾಗ ಶಾಯಿ ಉಬ್ಬಾಗಿ ಎದ್ದು ಬರುತ್ತದೆ. ಲಗ್ನಪತ್ರಿಕೆಗೆ ಬಳಸುವ ಡೈ ಸ್ಟ್ಯಾಂಪಿಂಗ್ ಯಂತ್ರವೂ ಇದೇ ಕುಲದ್ದು. ಪುಸ್ತಕ, ಪತ್ರಿಕೆಗೆ ಬಳಸುವ ಸಾಮಾನ್ಯ ಆಫ್‌ಸೆಟ್‌ನಲ್ಲಿ ಕಾಗದದ ಮೇಲೆ ಕೂರುವ ಶಾಯಿ 1ರಿಂದ 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ. ಇಲ್ಲಿ 20, 30, ಆಳದ ಗೆರೆಯಲ್ಲಿ 50 ಮೈಕ್ರಾನ್‌ವರೆಗೂ ಹೋಗುತ್ತದೆ.

ತೊಂದರೆ ಹುಟ್ಟುವುದು ಈ ದಪ್ಪದಲ್ಲಿ. ಆಫ್‌ಸೆಟ್ ಶಾಯಿಯ ತೆಳು ಎಣ್ಣೆ ಕೆಲವು ನಿಮಿಷದಲ್ಲಿ ಕಾಗದಕ್ಕೆ ಇಂಗಿ ಹಾಳೆ ಮುಟ್ಟುವ ಹಾಗಾಗುತ್ತದೆ. ಇಂಟಾಗ್ಲಿಯೊದ ಎಣ್ಣೆ ಶಾಯಿ ಕಲಸಿದ ಹಿಟ್ಟಿನಷ್ಟು ಗಟ್ಟಿ. ಅದರಲ್ಲಿ ಬಣ್ಣದ ಪುಡಿ, ಸುಣ್ಣದ ಪುಡಿ ಹೆಚ್ಚು, ಇಂಗುವ ಎಣ್ಣೆ ಕಡಿಮೆ. ಗಾಳಿಯ ಆಮ್ಲಜನಕ ಹೀರಿ ರಾಸಾಯನಿಕವಾಗಿ ಗಟ್ಟಿಯಾಗುವುದೊಂದೇ ಅದಕ್ಕಿರುವ ದಾರಿ. ನಮ್ಮ ಕಡೆ ಹಿಂಡಿ ಮಾಡುವ ಅದೇ ಅಗಸಿಯ ಎಣ್ಣೆ ಒಣಗುವಾಗ ತನ್ನ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಆಮ್ಲಜನಕ ಹಿಡಿದುಕೊಳ್ಳುತ್ತದೆ. ಅಷ್ಟೂ ಆಮ್ಲಜನಕ ಮೇಲಿನಿಂದ ಒಳಗಿಳಿಯಬೇಕು. ಮೇಲ್ಮೈ ಮೊದಲೇ ಬಿಗಿದರೆ, ಕಾದ ಹಾಲಿನ ಕೆನೆಯ ಕೆಳಗಿನಂತೆ ಒಳಗೆ ಹಸಿ ಉಳಿಯುತ್ತದೆ. ಹೆಬ್ಬೆರಳಿಗೆ ಒಣಗಿದಂತೆ ಕಾಣುವ ಗೆರೆಯನ್ನು ಬ್ಲೇಡಿನಿಂದ ಅಡ್ಡ ಸೀಳಿ ಬಿಳಿ ಹಾಳೆಗೆ ಒತ್ತಿ ನೋಡಿ. ಕಲೆ ಬಿದ್ದರೆ ಅದು ಒಣಗಿಲ್ಲ.

ಅಟ್ಟಿಯ ಭಾರದ ಲೆಕ್ಕವೂ ಇಲ್ಲಿ ಬೇರೆ. 100 ಜಿಎಸ್‌ಎಂ (ಚದರ ಮೀಟರ್‌ಗೆ 100 ಗ್ರಾಂ ತೂಗುವ) ಕಾಗದದ ಎ3 ಹಾಳೆ 500 ಇಟ್ಟರೆ ತೂಕ ಸುಮಾರು 6.2 ಕಿಲೋ. ಆಫ್‌ಸೆಟ್ ಹಾಳೆಯಲ್ಲಿ ಈ ಭಾರ 1,247 ಚದರ ಸೆಂಟಿಮೀಟರ್‌ಗೂ ಹಂಚಿಹೋಗುತ್ತದೆ. ಉಬ್ಬು ಮುದ್ರಣದಲ್ಲಿ ಮೇಲಿನ ಹಾಳೆ ಕೂರುವುದು ಗೆರೆಗಳ ನೆತ್ತಿಯ ಮೇಲೆ ಮಾತ್ರ. ಗೆರೆಗಳು ಹಾಳೆಯ ನೂರಕ್ಕೆ 2 ಪಾಲು ಜಾಗದಲ್ಲಿದ್ದರೆ ಅದೇ ಭಾರ 25 ಚದರ ಸೆಂಟಿಮೀಟರ್ ಮೇಲೆ ಬೀಳುತ್ತದೆ, ಅಂದರೆ 50 ಪಟ್ಟು ಒತ್ತಡ. ಮೇಲಿನ ಹಾಳೆಯ ಬೆನ್ನಿಗೆ ಶಾಯಿ ಅಂಟುವ ಸೆಟ್-ಆಫ್ ಇಲ್ಲಿ ಇಷ್ಟು ಕಾಡುವುದಕ್ಕೆ ಇದೇ ಕಾರಣ. ಆಫ್‌ಸೆಟ್‌ನಲ್ಲಿ ಕೈಹಿಡಿಯುವ, ಹಾಳೆಗಳ ನಡುವೆ ಎರಚುವ ಸ್ಪ್ರೇ ಪೌಡರ್ ಇಲ್ಲಿ ಸೋಲುವುದೂ ಇದರಿಂದಲೇ. ಪೌಡರ್ ಕಾಳು 15ರಿಂದ 30 ಮೈಕ್ರಾನ್, ಗೆರೆಯ ಎತ್ತರ ಅದಕ್ಕೆ ಸಮ ಅಥವಾ ಹೆಚ್ಚು. ಹಾಳೆಗಳನ್ನು ದೂರ ಹಿಡಿಯಲು ಅದಕ್ಕೆ ಆಗುವುದಿಲ್ಲ. ಮೇಲಾಗಿ ಹಸಿ ಗೆರೆಗೆ ಅಂಟಿ ಹೊಳಪು ಕೆಡಿಸುತ್ತದೆ, ಮುಂದೆ ನಂಬರಿಂಗ್ ಹಾಕುವಾಗ ಅಂಕಿಯ ಸಂದಿಗೆ ತುಂಬಿಕೊಳ್ಳುತ್ತದೆ. ಪೌಡರಿಗೆ ಖರ್ಚು ಮಾಡುವ ಮೊದಲು ಸಣ್ಣ ಅಟ್ಟಿಗಳನ್ನು ಬೇರೆ ಬೇರೆ ಇಡುವ ರ‍್ಯಾಕ್ ಮಾಡಿಸಿ.

ಹಾಳೆ ಮುಂದೆ ಎಲ್ಲಿಗೆ ಹೋಗುತ್ತದೆ?

ಯಾವ ಶಾಯಿ ಬೇಗ ಒಣಗುತ್ತದೆ ಎಂದು ಅಂಗಡಿಯಲ್ಲಿ ಕೇಳುವುದಕ್ಕಿಂತ, ಈ ಹಾಳೆಗೆ ಮುಂದೆ ಏನು ಕಾದಿದೆ ಎಂದು ಗಿರಾಕಿಯನ್ನು ಕೇಳುವುದು ಲಾಭ. ಬೆನ್ನಿಗೂ ಮುದ್ರಣವಿದ್ದರೆ ಎರಡನೇ ಸಲ ಅದೇ ಭಾರೀ ಒತ್ತಡ ಮೊದಲ ಮುಖದ ಗೆರೆಯ ಮೇಲೆ ಬೀಳುತ್ತದೆ, ಅದು ಪೂರ್ತಿ ಗಟ್ಟಿಯಾಗಿರಲೇಬೇಕು. ನಂಬರಿಂಗ್ ಮಾತ್ರ ಇದ್ದರೆ ಇಷ್ಟು ಕಟ್ಟುನಿಟ್ಟು ಬೇಡ. ಲ್ಯಾಮಿನೇಷನ್ ಮಾಡುವವರಿಗೆ ಒಳಗಿನ ಹಸಿ ಎಣ್ಣೆ ಫಿಲ್ಮ್‌ನ ಅಂಟು ಬಿಡಿಸುತ್ತದೆ, ವಾರದ ನಂತರ ಗುಳ್ಳೆ ಏಳುತ್ತದೆ.

ಎಲ್ಲಕ್ಕಿಂತ ಮುಖ್ಯ ಲೇಸರ್ ಪ್ರಿಂಟರ್. ಕಾಲೇಜಾಗಲಿ ಸೊಸೈಟಿಯಾಗಲಿ, ಖಾಲಿ ಪ್ರಮಾಣಪತ್ರ ಒಯ್ದು ಹೆಸರನ್ನು ತಮ್ಮ ಕಚೇರಿಯಲ್ಲೇ ಲೇಸರ್‌ನಲ್ಲಿ ಹಾಕಿಕೊಳ್ಳುವುದು ಈಗ ರೂಢಿ. ಪ್ರಿಂಟರ್‌ನಲ್ಲಿ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ರೋಲರ್ ಸುಮಾರು 180ರಿಂದ 200 ಡಿಗ್ರಿ ಬಿಸಿಯಿರುತ್ತದೆ, ಹಾಳೆಯನ್ನು ಒತ್ತಿಯೂ ಹಿಡಿಯುತ್ತದೆ. ಅರೆ ಒಣಗಿದ ಗೆರೆ ಅಲ್ಲಿ ಮೆತ್ತಗಾಗಿ ರೋಲರ್‌ಗೆ ಅಂಟಿ, ಮುಂದಿನ ಹಾಳೆಯ ಮೇಲೆ ದೆವ್ವದ ನೆರಳಿನಂತೆ ಮೂಡುತ್ತದೆ. ಬಿಸಿಯಿಂದ ಉಬ್ಬಿಸುವ ಥರ್ಮೋಗ್ರಫಿ ಪುಡಿಯ ಮುದ್ರಣವಂತೂ ಅಲ್ಲಿ ಕರಗಿಯೇ ಹೋಗುತ್ತದೆ. ಲಗ್ನಪತ್ರಿಕೆಗೆ ಅದು ಚೆಂದ, ಅಗ್ಗವೂ ಹೌದು. ಲೇಸರ್‌ಗೆ ಹೋಗುವ ಪತ್ರಕ್ಕೆ ಅದನ್ನು ಆಯ್ಕೆಯ ಪಟ್ಟಿಯಿಂದಲೇ ತೆಗೆಯಿರಿ.

ಮೊದಲ ಆಯ್ಕೆ: ಗಾಳಿ, ರ‍್ಯಾಕ್, ಸಮಯ

ಎಣ್ಣೆ ಶಾಯಿಯನ್ನು ಗಾಳಿಯಲ್ಲೇ ಒಣಗಿಸುವುದು ನಿಧಾನ, ಆದರೆ ಅಷ್ಟು ನಂಬಿಕೆಯ ದಾರಿ ಬೇರೆ ಇಲ್ಲ. 5,000 ಹಾಳೆಯ ಕೆಲಸಕ್ಕೆ ಲೆಕ್ಕ ಹೀಗೆ: 200 ಹಾಳೆಗೊಂದು ಅಟ್ಟಿ, ಪ್ರತಿ ಎರಡು ಹಾಳೆಯ ನಡುವೆ 60 ಜಿಎಸ್‌ಎಂ ನ್ಯೂಸ್‌ಪ್ರಿಂಟ್ ಅಥವಾ ಮ್ಯಾಪ್ಲಿಥೊ ಹಾಳೆ. ಒಟ್ಟು 25 ಅಟ್ಟಿ, ಉಬ್ಬೂ ಸೇರಿ ಒಂದರ ಎತ್ತರ ಸುಮಾರು 6 ಸೆಂಟಿಮೀಟರ್. 12 ಸೆಂಟಿಮೀಟರ್ ಅಂತರದಲ್ಲಿ 10 ತಟ್ಟು ಇರುವ ರ‍್ಯಾಕ್ ಮೂರು ಸಾಕು. ಬೆಳಗಾವಿಯ ಉದ್ಯಮಬಾಗದ ಯಾವ ಫ್ಯಾಬ್ರಿಕೇಷನ್ ಅಂಗಡಿಯಲ್ಲೂ ಕೋನಪಟ್ಟಿ, ತೂತಿನ ತಗಡು ಹಾಕಿ ಇದನ್ನು ಮಾಡಿಕೊಡುತ್ತಾರೆ. ಗಟ್ಟಿ ತಗಡು ಬೇಡ, ಕೆಳಗಿನಿಂದಲೂ ಗಾಳಿ ಬರಲಿ.

ನಡುವಿನ ಹಾಳೆ ನುಣುಪಾದ ಆರ್ಟ್ ಪೇಪರ್ ಆಗಿರಬಾರದು, ಒರಟಾಗಿರಬೇಕು. ನುಣುಪು ಹಾಳೆ ಗೆರೆಯ ನೆತ್ತಿಗೆ ಪೂರ್ತಿ ಕೂತು ಗಾಳಿ ಮುಚ್ಚುತ್ತದೆ. 6ರಿಂದ 8 ತಾಸಿಗೊಮ್ಮೆ ಅಟ್ಟಿಯನ್ನು ಎತ್ತಿ, ಅಂಚು ಬಾಗಿಸಿ, ಹಾಳೆಗಳ ನಡುವೆ ಗಾಳಿ ಆಡಿಸಿ. ಒಣಗುವ ಶಾಯಿ ಅಟ್ಟಿಯೊಳಗಿನ ಆಮ್ಲಜನಕವನ್ನು ತಿಂದು ಮುಗಿಸಿ ಘಾಟು ವಾಸನೆ ಬಿಟ್ಟಿರುತ್ತದೆ, ಅದನ್ನು ಹೊರಹಾಕದೆ ಹೊಸ ಗಾಳಿ ಒಳಗೆ ಬರುವುದಿಲ್ಲ. ಮೊದಲ ಎರಡು ತಾಸು ಮಾತ್ರ ಅಟ್ಟಿ ಮುಟ್ಟಬೇಡಿ. ಗೆರೆ ಅಷ್ಟು ಮೆತ್ತಗಿದ್ದಾಗ ಹಾಳೆ ಸ್ವಲ್ಪ ಸರಿದರೂ ಹಿಸುಕಿಹೋಗುತ್ತದೆ.

ಕಾಗದದ ಆಯ್ಕೆ ಇಲ್ಲೇ ಸೇರಿಕೊಂಡಿದೆ. ಹತ್ತಿ ನಾರಿನ ಕಾಗದ, ಒಳ್ಳೆಯ ಬಾಂಡ್ ಕಾಗದ ಶಾಯಿಯನ್ನು ಹಿಡಿದು ನಿಲ್ಲಿಸುತ್ತವೆ. ಆಮ್ಲ ಹೆಚ್ಚಿರುವ ಹಳೆ ಬಗೆಯ ಕಾಗದ ಒಣಗುವುದನ್ನು ತಡೆಯುತ್ತದೆ. ಹಿನ್ನೆಲೆಯ ನಕಾಶೆಯನ್ನು ಆಫ್‌ಸೆಟ್‌ನಲ್ಲಿ ಮೊದಲು ಹಾಕುವವರು ತಟ್ಟೆ ಒದ್ದೆ ಮಾಡುವ ಫೌಂಟನ್ ನೀರಿನ ಪಿಎಚ್ 4.5ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಆಮ್ಲ ಹೆಚ್ಚಾದರೆ ಶಾಯಿಯ ಡ್ರೈಯರ್ (ಬೇಗ ಒಣಗಲೆಂದು ಶಾಯಿಗೆ ಬೆರೆಸುವ ಲೋಹದ ಸಂಯುಕ್ತ) ಸಾಯುತ್ತದೆ, ಎಷ್ಟು ದಿನ ಕಾದರೂ ಹಿನ್ನೆಲೆ ಜಿಡ್ಡು ಜಿಡ್ಡಾಗಿಯೇ ಇರುತ್ತದೆ.

ಡ್ರೈಯರ್ ಯಾವುದು, ಎಷ್ಟು

ಗಾಳಿಯ ದಾರಿ ಹಿಡಿದವರ ಮುಂದಿನ ಆಯ್ಕೆ ಡ್ರೈಯರ್. ಕೆಲಸ ಹೆಚ್ಚಾಗಿ ಕೆಡುವುದೂ ಇಲ್ಲೇ, ಏಕೆಂದರೆ ಒಣಗದಿದ್ದರೆ ಇನ್ನಷ್ಟು ಹಾಕು ಎಂಬ ಅಭ್ಯಾಸ ಬಲವಾಗಿದೆ. ಕೋಬಾಲ್ಟ್ ಮೇಲ್ಮೈಯನ್ನು ಒಣಗಿಸುತ್ತದೆ. ತೆಳು ಪದರಕ್ಕೆ ಅದೇ ಸಾಕು. 30 ಮೈಕ್ರಾನ್ ದಪ್ಪದ ಗೆರೆಗೆ ಕೋಬಾಲ್ಟ್ ಒಂದನ್ನೇ ಹೆಚ್ಚಿಸಿದರೆ ಮೇಲಿನ ಪೊರೆ ಬಿಗಿದು, ಹಿಗ್ಗಿ, ಸುಕ್ಕುಗಟ್ಟುತ್ತದೆ, ಒಳಗಿನ ಹಸಿಗೆ ಗಾಳಿಯೇ ಸಿಗುವುದಿಲ್ಲ. ಮ್ಯಾಂಗನೀಸ್ ಒಳಗೂ ಕೆಲಸ ಮಾಡುತ್ತದೆ. ಅದರ ಕಂದು ಛಾಯೆ ಬಿಳಿ, ತಿಳಿಹಳದಿ ಶಾಯಿಯನ್ನು ಕೆಡಿಸುತ್ತದೆ, ಗಾಢ ಬಣ್ಣಕ್ಕೆ ಚಿಂತೆಯಿಲ್ಲ. ಜಿರ್ಕೋನಿಯಂ ಮತ್ತು ಕ್ಯಾಲ್ಸಿಯಂ ತಾವಾಗಿ ಒಣಗಿಸುವುದು ಕಡಿಮೆ, ಜೊತೆಗಿದ್ದು ಬಲ ಕೊಡುತ್ತವೆ. ಜಿರ್ಕೋನಿಯಂ ಒಳಪದರವನ್ನು ಬಿಗಿಗೊಳಿಸುತ್ತದೆ. ಕ್ಯಾಲ್ಸಿಯಂ ಮುಂದೆ ನಿಂತು ಬಣ್ಣದ ಪುಡಿಗೆ ಅಂಟಿಕೊಳ್ಳುವುದರಿಂದ ಕೋಬಾಲ್ಟ್, ಮ್ಯಾಂಗನೀಸ್ ಪೋಲಾಗುವುದು ತಪ್ಪುತ್ತದೆ.

ಅಳತೆ ಹೀಗೆ ಶುರುಮಾಡಬಹುದು. ಡ್ರೈಯರ್ ಇಲ್ಲದ 1 ಕಿಲೋ ಶಾಯಿಯಲ್ಲಿ ಎಣ್ಣೆ ಮತ್ತು ಆಲ್ಕಿಡ್ ರಾಳ 300 ಗ್ರಾಂ ಇದೆ ಎಂದುಕೊಳ್ಳಿ. ಕೋಬಾಲ್ಟ್ ಲೋಹ ಆ 300 ಗ್ರಾಂನ ನೂರಕ್ಕೆ 0.05, ಅಂದರೆ 0.15 ಗ್ರಾಂ. ನೂರಕ್ಕೆ 6 ಲೋಹವಿರುವ ದ್ರಾವಣದಲ್ಲಿ ಅದು 2.5 ಗ್ರಾಂ. ಮ್ಯಾಂಗನೀಸ್ ಅದರ ಎರಡರಷ್ಟು, ಅದೇ ಬಲದ ದ್ರಾವಣ 5 ಗ್ರಾಂ. ಚಮಚದ ಅಂದಾಜು ಇಲ್ಲಿ ನಡೆಯದು, 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಡಬ್ಬಿಯ ಶಾಯಿಯಲ್ಲಿ ಡ್ರೈಯರ್ ಮೊದಲೇ ಇರುವುದೇ ಹೆಚ್ಚು. ಎಷ್ಟಿದೆ ಎಂದು ಮಾರಿದವರಿಂದ ತಿಳಿದುಕೊಳ್ಳದೆ ಮೇಲೆ ಸುರಿಯಬಾರದು. ಮೇಲಿನ ಅಳತೆಯ ಎರಡು ಪಟ್ಟು ದಾಟಿದರೆ ಲಾಭ ನಿಲ್ಲುತ್ತದೆ, ಶಾಯಿ ಯಂತ್ರದ ರೋಲರ್ ಮೇಲೆ ಮತ್ತು ಕೊರೆದ ಗೆರೆಯೊಳಗೇ ಒಣಗತೊಡಗುತ್ತದೆ.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಪ್ರಷಿಯನ್ ನೀಲಿ ತಾನೇ ಡ್ರೈಯರ್‌ನಂತೆ ವರ್ತಿಸಿ ಬೇಗ ಒಣಗುತ್ತದೆ. ಕಪ್ಪು ಇಂಗಾಲದ ಪುಡಿ ಡ್ರೈಯರನ್ನೇ ನುಂಗಿ ನಿಧಾನಿಸುತ್ತದೆ. ಒಂದೇ ಪತ್ರದಲ್ಲಿ ನೀಲಿ ಅಂಚು, ಕಪ್ಪು ಅಕ್ಷರ ಇದ್ದರೆ ಅಟ್ಟಿ ಬಿಚ್ಚುವ ದಿನವನ್ನು ಕಪ್ಪನ್ನು ನೋಡಿ ಗೊತ್ತುಮಾಡಿ.

ಕೋಬಾಲ್ಟ್ ಸಂಯುಕ್ತಗಳು ಆರೋಗ್ಯಕ್ಕೆ ಅಪಾಯವೆಂಬ ಕಾರಣಕ್ಕೆ ಶಾಯಿ ತಯಾರಕರು ಮ್ಯಾಂಗನೀಸ್ ಮತ್ತು ಕಬ್ಬಿಣ ಆಧಾರಿತ ಡ್ರೈಯರ್ ಕಡೆ ಹೊರಳುತ್ತಿದ್ದಾರೆ. ಹೊಸದಾಗಿ ಶಾಯಿ ಗೊತ್ತುಮಾಡುವವರು ಕೋಬಾಲ್ಟ್ ಇಲ್ಲದ್ದನ್ನೇ ಮೊದಲು ಪರೀಕ್ಷಿಸುವುದು ಒಳ್ಳೆಯದು. ದಪ್ಪ ಗೆರೆಗೆ ಅದು ಸೋಲುವುದಿಲ್ಲ, ಮೇಲ್ಮೈ ಜಿಡ್ಡು ಕೆಲವು ತಾಸು ಹೆಚ್ಚು ಇರುತ್ತದೆ ಅಷ್ಟೆ.

ಐಆರ್ ಬಿಸಿ

ಉಷ್ಣತೆ 10 ಡಿಗ್ರಿ ಏರಿದರೆ ಒಣಗುವ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಶ್ರಾವಣದ ಬೆಳಗಾವಿಯಲ್ಲಿ ಕೋಣೆ 23 ಡಿಗ್ರಿ ಇದ್ದಾಗ ಐಆರ್, ಅಂದರೆ ಇನ್‌ಫ್ರಾರೆಡ್ ಕಿರಣದ ಬಿಸಿ ದೀಪದಿಂದ ಅಟ್ಟಿಯನ್ನು 33ಕ್ಕೆ ಏರಿಸಿದರೆ ಎರಡು ದಿನದ ಕೆಲಸ ಒಂದಕ್ಕೆ ಇಳಿಯುತ್ತದೆ. ಏಪ್ರಿಲ್‌ನ ವಿಜಯಪುರದಲ್ಲಿ ಹೊರಗೇ 40 ಡಿಗ್ರಿ, ಅಟ್ಟಿ ತಾನಾಗಿಯೇ 37, 38ರಲ್ಲಿರುತ್ತದೆ. ಅಲ್ಲಿ ಐಆರ್ ಹಾಕಿದರೆ ಗೆರೆ ಮೆತ್ತಗಾಗಿ ಹಾಳೆಗಳೇ ಇಟ್ಟಿಗೆಯಂತೆ ಅಂಟಿಕೊಳ್ಳುವ ಭಯ. ಅಟ್ಟಿಯ ನಡುವೆ ಥರ್ಮಾಮೀಟರ್ ಸಿಕ್ಕಿಸಿ, 35 ಡಿಗ್ರಿಗೆ ಬಂದೊಡನೆ ದೀಪ ತಗ್ಗಿಸಿ. ಕಾಗದದ ತೇವವೂ ಬಿಸಿಗೆ ಹಾರುತ್ತದೆ, ಹಾಳೆ ಕುಗ್ಗಿ ಮುಂದಿನ ಬಣ್ಣ ತನ್ನ ಜಾಗಕ್ಕೆ ಕೂರುವುದಿಲ್ಲ. ಇನ್ನೊಂದು ಬಣ್ಣ ಬಾಕಿ ಇರುವ ಹಾಳೆಗೆ ಐಆರ್ ಬೇಡ.

ಯುವಿ: ವೇಗ ನಿಜ, ದಪ್ಪಕ್ಕೆ ಕಷ್ಟ

ಯುವಿ, ಅಂದರೆ ಅತಿನೇರಳೆ ಬೆಳಕಿನ ಶಾಯಿ ದೀಪದ ಕೆಳಗೆ ಹಾದ ಕ್ಷಣಕ್ಕೇ ಗಟ್ಟಿಯಾಗುತ್ತದೆ. ಅವತ್ತೇ ಬೆನ್ನು ಹಾಕಬಹುದು, ಅವತ್ತೇ ಲೇಸರ್‌ಗೆ ಕೊಡಬಹುದು, ಮಳೆಯ ಹಂಗಿಲ್ಲ. ಇದನ್ನು ಕೇಳಿದವರು ತಕ್ಷಣ ಯಂತ್ರ ಬುಕ್ ಮಾಡುವುದುಂಟು. ಸ್ವಲ್ಪ ತಡೆಯಿರಿ. ಬೆಳಕು ಶಾಯಿಯ ತಳ ಮುಟ್ಟಿದರೆ ಮಾತ್ರ ಈ ಮಾತು ಸತ್ಯ. 2 ಮೈಕ್ರಾನ್ ಪದರಕ್ಕೆ ತೊಂದರೆಯಿಲ್ಲ. 40 ಮೈಕ್ರಾನ್ ಕಪ್ಪು ಗೆರೆಯಲ್ಲಿ ಇಂಗಾಲದ ಪುಡಿಯೇ ಯುವಿ ಬೆಳಕನ್ನು ತಿಂದುಬಿಡುತ್ತದೆ. ಮೇಲೆ ಗಾಜಿನಂಥ ಗಟ್ಟಿ ಪೊರೆ, ಕೆಳಗೆ ಹಸಿ, ಕಾಗದ ಮಡಚಿದರೆ ಗೆರೆ ಚೂರಾಗಿ ಉದುರುತ್ತದೆ. ಎಣ್ಣೆ ಶಾಯಿ ಒಳಗೆ ಹಸಿ ಉಳಿದರೂ ದಿನ ಕಳೆದಂತೆ ಒಣಗುತ್ತದೆ. ಯುವಿ ಶಾಯಿಗೆ ದೀಪದ ನಂತರ ಎರಡನೇ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ.

ಪರಿಹಾರ ಇದೆ. ಉದ್ದ ತರಂಗದ ಬೆಳಕು ಆಳಕ್ಕೆ ಇಳಿಯುತ್ತದೆ, ಹಾಗಾಗಿ 385 ಅಥವಾ 395 ನ್ಯಾನೋಮೀಟರ್‌ನ ಎಲ್‌ಇಡಿ ದೀಪ ಮತ್ತು ಆ ಬೆಳಕಿಗೇ ಸ್ಪಂದಿಸಿ ಗಟ್ಟಿಯಾಗುವುದನ್ನು ಶುರುಮಾಡುವ ಇನಿಷಿಯೇಟರ್ ಇರುವ ಶಾಯಿ ಎರಡೂ ಜೋಡಿಯಾಗಿರಬೇಕು. ಪಾದರಸದ ದೀಪಕ್ಕೆಂದು ಮಾಡಿದ ಶಾಯಿಯನ್ನು ಎಲ್‌ಇಡಿ ಕೆಳಗೆ ಓಡಿಸಿದರೆ ಮೇಲ್ಮೈಯೂ ಒಣಗದೆ ಹೋಗಬಹುದು. ಗೆರೆಯ ಆಳವನ್ನು ತಟ್ಟೆ ಕೊರೆಸುವಾಗಲೇ ತಗ್ಗಿಸುವುದು ಇನ್ನೊಂದು ಉಪಾಯ. ಅಗಲ ಗೆರೆಯೊಂದರ ಬದಲು ಹತ್ತಿರ ಹತ್ತಿರ ಎರಡು ಸಣ್ಣ ಗೆರೆ ಹಾಕಿದರೆ ಕೈಗೆ ಉಬ್ಬು ಅಷ್ಟೇ ಸಿಗುತ್ತದೆ, ಶಾಯಿ ಕಡಿಮೆ ಕೂರುತ್ತದೆ. ಇದು ಎಣ್ಣೆ ಶಾಯಿಗೂ ಲಾಭ.

ಪಾದರಸವೋ ಎಲ್‌ಇಡಿಯೋ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಗಳಲ್ಲಿ ವಿದ್ಯುತ್ತೇ ಉತ್ತರ. 50 ಸೆಂಟಿಮೀಟರ್ ಉದ್ದದ, ಸೆಂಟಿಮೀಟರ್‌ಗೆ 120 ವ್ಯಾಟ್‌ನ ಪಾದರಸ ದೀಪ ಒಂದಕ್ಕೇ 6 ಕಿಲೋವ್ಯಾಟ್ ಬೇಕು. ಕರೆಂಟು ಒಂದು ಗಳಿಗೆ ಹೋಗಿ ಬಂದರೂ ದೀಪ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ವೋಲ್ಟೇಜ್ ಇಳಿದಾಗ ಬೆಳಕು ಸದ್ದಿಲ್ಲದೆ ಕುಗ್ಗಿ ನೂರಾರು ಹಾಳೆ ಅರೆಬೆಂದಂತೆ ಹೊರಬರುತ್ತವೆ, ಅದು ಗೊತ್ತಾಗುವುದು ಮರುದಿನ. ಎಲ್‌ಇಡಿ ಗುಂಡಿ ಒತ್ತಿದೊಡನೆ ಪೂರ್ತಿ ಬೆಳಗುತ್ತದೆ, ಓಝೋನ್ ಹೊಗೆ ಇಲ್ಲ, ಕಾಗದ ಕಾಯುವುದೂ ಕಡಿಮೆ. ಮೊದಲ ಖರ್ಚು ಹೆಚ್ಚಾದರೂ ಇಲ್ಲಿ ಎಲ್‌ಇಡಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ದೀಪದ ಗಾಜನ್ನು ಪ್ರತಿದಿನ ಸ್ಪಿರಿಟ್‌ನಲ್ಲಿ ಒರೆಸಿ, ಬಯಲುಸೀಮೆಯ ಧೂಳು ಒಂದೇ ವಾರದಲ್ಲಿ ಬೆಳಕು ನುಂಗುತ್ತದೆ.

ಹಸಿ ಯುವಿ ಶಾಯಿ ಚರ್ಮಕ್ಕೆ ತಾಗಿದರೆ ತುರಿಕೆ ಏಳುತ್ತದೆ, ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಸ್ವಲ್ಪ ತಾಗಿದರೂ ಕಾಡುತ್ತದೆ. ನೈಟ್ರೈಲ್ ಕೈಗವಸು ಕಡ್ಡಾಯ. ಎಣ್ಣೆ ಶಾಯಿಯ ರಬ್ಬರ್ ರೋಲರ್ ಯುವಿಯಲ್ಲಿ ಉಬ್ಬಿ ಹಾಳಾಗುತ್ತದೆ, ರೋಲರ್ ಸೆಟ್ಟೇ ಬದಲಾಗಬೇಕು. ಕ್ಯಾಟಯಾನಿಕ್ ಎಂಬ ಯುವಿ ಬಗೆಯನ್ನು ಮಾರಲು ಬಂದರೆ ಒಂದು ಮಾತು ನೆನಪಿಡಿ: ಅದು ಆಮ್ಲದಿಂದ ಗಟ್ಟಿಯಾಗುವ ಶಾಯಿ, ಸುಣ್ಣದ ಪುಡಿ ತುಂಬಿದ ಇಂದಿನ ಕಾಗದ ಆ ಆಮ್ಲವನ್ನೇ ಕೊಲ್ಲುತ್ತದೆ, ಗಾಳಿಯ ತೇವವೂ ತಡೆಯುತ್ತದೆ.

ಎಣ್ಣೆ, ಯುವಿ ಎರಡೂ ಸೇರಿದ ಶಾಯಿಯೂ ಸಿಗುತ್ತದೆ. ಮೇಲ್ಮೈಯನ್ನು ಯುವಿ ಬಿಗಿಯುತ್ತದೆ, ಒಳಗಿನದನ್ನು ಗಾಳಿ ಮತ್ತು ಡ್ರೈಯರ್ ನಿಧಾನವಾಗಿ ಮುಗಿಸುತ್ತವೆ. ಅಟ್ಟಿ ದೊಡ್ಡದಾಗಿ ಇಡಬಹುದು, ನಡುವಿನ ಹಾಳೆ ಬೇಕಿಲ್ಲ. ಲೇಸರ್‌ಗೆ ಮಾತ್ರ ಎರಡು ಮೂರು ದಿನ ಕಾಯಬೇಕು. ಗಾಢ ಬಣ್ಣದ ಆಳ ಗೆರೆಗೆ ಶುದ್ಧ ಯುವಿಗಿಂತ ಇದು ಮೇಲು.

ನೀರಿನ ಶಾಯಿ ಡೈ ಸ್ಟ್ಯಾಂಪಿಂಗ್‌ಗೆ ಬಂದಿದೆ. ಬಿಸಿಗಾಳಿಯ ಸುರಂಗದಲ್ಲಿ ಬೇಗ ಒಣಗುತ್ತದೆ, ಘಾಟು ಇಲ್ಲ. ಊಟಕ್ಕೆ ಯಂತ್ರ ನಿಲ್ಲಿಸಿದರೆ ಸಾಕು, ಕೊರೆದ ಗೆರೆಯೊಳಗೇ ಒಣಗಿ ಕೂರುತ್ತದೆ. ವಿಜಯಪುರದ ಒಣ ಬೇಸಿಗೆಯಲ್ಲಿ ಇದು ದೊಡ್ಡ ಕಾಟ.

ಊರಿನ ಹವೆ ನೋಡಿ

ಬೆಳಗಾವಿಗೆ ಮುಂಗಾರು ಬಿಗಿಯಾಗಿ ಹಿಡಿಯುವುದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಶುರುವಿನವರೆಗೆ. ಬಾಗಲಕೋಟೆ, ವಿಜಯಪುರಕ್ಕೆ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ, ಉತ್ತರೆಯ ಹೊತ್ತಿಗೆ. ಸಹಕಾರ ಸಂಘಗಳ ವಾರ್ಷಿಕ ಸಭೆಗಳೂ ಅದೇ ತಿಂಗಳು, ಶೇರು ಪತ್ರದ ಅವಸರವೂ ಆಗಲೇ. ಒಣ ಸೀಮೆಯಲ್ಲಿದ್ದೇವೆ ಎಂಬ ನಿಶ್ಚಿಂತೆ ಅಲ್ಲಿ ಕೈಕೊಡುತ್ತದೆ. ಆ ಕೆಲಸವನ್ನು ಆಗಸ್ಟ್ ಮೊದಲ ವಾರವೇ ಮುದ್ರಿಸಿ ಇಟ್ಟರೆ ಯಾವ ದೀಪವೂ ಬೇಕಾಗುವುದಿಲ್ಲ.

ಗಾಳಿಯ ತೇವ ನೂರಕ್ಕೆ 65 ದಾಟಿದರೆ ಎಣ್ಣೆ ಶಾಯಿ ಸೋಮಾರಿಯಾಗುತ್ತದೆ. ತೇವ ಹೀರುವ ಯಂತ್ರ ಡಿಹ್ಯುಮಿಡಿಫೈಯರ್ ಕೊಳ್ಳುವ ಮೊದಲು ಈ ಲೆಕ್ಕ ನೋಡಿ. 12 ಅಡಿ, 15 ಅಡಿ, 10 ಅಡಿ ಎತ್ತರದ ಕೋಣೆಯ ಗಾಳಿ ಸುಮಾರು 51 ಘನ ಮೀಟರ್. 28 ಡಿಗ್ರಿಯಲ್ಲಿ ತೇವವನ್ನು 85ರಿಂದ 55ಕ್ಕೆ ಇಳಿಸಲು ಆ ಗಾಳಿಯಿಂದ ತೆಗೆಯಬೇಕಾದ ನೀರು ಅರ್ಧ ಲೀಟರ್ ಕೂಡ ಇಲ್ಲ. ಅದೇ ಕೋಣೆಯಲ್ಲಿರುವ 100 ಕಿಲೋ ತೇವಗೊಂಡ ಕಾಗದದಲ್ಲಿ ಹೆಚ್ಚುವರಿ ನೀರು ಸುಮಾರು 3 ಲೀಟರ್. ಯಂತ್ರ ಹೋರಾಡುವುದು ಹೆಚ್ಚಾಗಿ ಕಾಗದದ ಜೊತೆಗೆ. ಹಾಗಾಗಿ ರೀಮಿನ ಹೊದಿಕೆ ಬಿಚ್ಚದೆ ಎರಡು ದಿನ ಮುಂಚೆ ಆ ಕೋಣೆಗೆ ತನ್ನಿ, ಮುದ್ರಿಸುವ ದಿನ ಬಿಚ್ಚಿ, ಬಾಗಿಲ ಸಂದಿಗೆ ಪಟ್ಟಿ ಹೊಡೆಯಿರಿ. ಇಷ್ಟಾದರೆ ಸಣ್ಣ ಯಂತ್ರವೇ ಸಾಕು.

ವಿಜಯಪುರದಲ್ಲಿ ಇದರ ತಿರುವುಮುರುವು. ಬೇಸಿಗೆಯಲ್ಲಿ ಕಾಗದ ಒಣಗಿ ಸುರುಳಿಯಾಗುತ್ತದೆ, ಹಾಳೆಗೆ ಹಾಳೆ ಕರೆಂಟು ಹೊಡೆದಂತೆ ಅಂಟುತ್ತದೆ. ಏರ್ ಕೂಲರ್ ಹಾಕಿ ತೇವವನ್ನು 45, 50ಕ್ಕೆ ತನ್ನಿ, ಆದರೆ ಕೂಲರ್ ಮುಖ ಯಂತ್ರದ ಕಡೆಗಿರಲಿ, ರ‍್ಯಾಕ್ ಕಡೆಗೆ ಬೇಡ. ಅದೇ ಕೂಲರನ್ನು ಬೆಳಗಾವಿಯ ಜುಲೈನಲ್ಲಿ ಚಾಲು ಮಾಡಿದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ.

ಒರೆಸಿದ ಬಟ್ಟೆಯ ವಿಚಾರ ಬಿಡಲಾಗದು. ಅಗಸಿ ಎಣ್ಣೆಯ ಶಾಯಿ ಹೀರಿದ ಚಿಂದಿಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಒಣಗುವಾಗಿನ ಕಾವು ಹೊರಹೋಗಲಾರದೆ ತಾನಾಗಿ ಬೆಂಕಿ ಹತ್ತುತ್ತದೆ. ಡ್ರೈಯರ್ ಬೆರೆಸಿದ ಶಾಯಿಯಲ್ಲಿ ಇನ್ನೂ ಬೇಗ. ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲೇ ಹಾಕಬೇಕು, ಸಂಜೆಗೆ ಹೊರಗೆ ಸಾಗಿಸಬೇಕು.

ಯಾವ ಕೆಲಸಕ್ಕೆ ಯಾವುದು

ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಹಾಳೆ, ಒಂದೇ ಮುಖ, ವಾರದ ಗಡುವು ಇದ್ದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ರ‍್ಯಾಕ್ ಮತ್ತು ಮ್ಯಾಂಗನೀಸ್ ಮುಂದಾದ ಎಣ್ಣೆ ಶಾಯಿ. ಬೆಳಗಾವಿ, ಖಾನಾಪುರದ ಕಡೆ ಇದಕ್ಕೆ ಮುಚ್ಚಿದ ಕೋಣೆ, ಡಿಹ್ಯುಮಿಡಿಫೈಯರ್ ಸೇರಿಸಿ. ಎರಡೂ ಮುಖ, ಗಾಢ ಬಣ್ಣ, ಮೂರು ದಿನದ ಗಡುವು ಎಂದರೆ ಎರಡೂ ಸೇರಿದ ಶಾಯಿ ಮತ್ತು ಎಲ್‌ಇಡಿ. ತೆಳು ಗೆರೆ, ತಿಳಿ ಬಣ್ಣ, ಮರುದಿನವೇ ಲೇಸರ್‌ಗೆ ಹೋಗಬೇಕು ಎಂದರೆ ಶುದ್ಧ ಯುವಿ. ಮೈಸೂರಿನಲ್ಲಿ ನೋಟು ಮುದ್ರಿಸುವ ರಿಸರ್ವ್ ಬ್ಯಾಂಕಿನ ಮುದ್ರಣ ಸಂಸ್ಥೆಯು 2022ರಲ್ಲಿ ವರ್ಣಿಕ ಎಂಬ ತನ್ನದೇ ಶಾಯಿ ಕಾರ್ಖಾನೆ ತೆರೆಯಿತು. ಶಾಯಿಯನ್ನು ಕಾಗದ ಮತ್ತು ಯಂತ್ರದ ಜೊತೆಗೆ ಕೂರಿಸಿಯೇ ಗೊತ್ತುಮಾಡಬೇಕಾದ ಕೆಲಸವಿದು. ಸಣ್ಣ ಪ್ರೆಸ್ಸಿನವರು ಕಾರ್ಖಾನೆ ಹಾಕಲಾರರು, ಆದರೆ ತಮ್ಮ ಕಾಗದದ 50 ಹಾಳೆಯನ್ನು ಶಾಯಿ ಮಾರುವವರಿಗೆ ಕಳಿಸಿ, ಅದರ ಮೇಲೇ ಪರೀಕ್ಷಿಸಿ ಕೊಡಿ ಎಂದು ಕೇಳಬಹುದು.

ಪರೀಕ್ಷೆಗೆ ಪ್ರತಿ ಕೆಲಸದಿಂದ 20 ಹಾಳೆ ಬೇರೆ ತೆಗೆದಿಡಿ. 8, 24, 48, 96 ತಾಸಿಗೆ ಒಂದೊಂದು ಹಾಳೆಯ ಮೇಲೆ ಬಿಳಿ ಹಾಳೆ ಹೊದಿಸಿ, ಚಪ್ಪಟೆ ಹಲಗೆಯ ಮೂಲಕ 5 ಕಿಲೋ ತೂಕ ಒಂದು ತಾಸು ಇಟ್ಟು ಕಲೆ ನೋಡಿ. ಅದೇ ಹಾಳೆಯ ಗೆರೆಯನ್ನು ಬ್ಲೇಡಿನಿಂದ ಸೀಳಿ ಒಳಗೆ ನೋಡಿ, ಹತ್ತಿಯಿಂದ ಹತ್ತು ಸಲ ಉಜ್ಜಿ, ಮಡಚಿ ಬಿಡಿಸಿ. ತಾಸಿನ ಪಕ್ಕ ಆ ಹೊತ್ತಿನ ಉಷ್ಣತೆ, ತೇವ ಬರೆದಿಡಿ. ಲೇಸರ್‌ಗೆ ಹೋಗುವ ಎಣ್ಣೆ ಶಾಯಿಯ ಪತ್ರವನ್ನು ಏಳು ದಿನಕ್ಕೆ ಮೊದಲು ಕೊಡಬೇಡಿ. ಕೊಡುವ ಮುನ್ನ ಗಿರಾಕಿಯ ಪ್ರಿಂಟರಿನಲ್ಲೇ ಹತ್ತು ಹಾಳೆ ಸಾಲಾಗಿ ಓಡಿಸಿ, ಕೊನೆಗೊಂದು ಕೋರಾ ಹಾಳೆ ಬಿಡಿ. ಆ ಕೋರಾ ಹಾಳೆಯಲ್ಲಿ ಗೆರೆಯ ನೆರಳು ಕಂಡರೆ ಇಡೀ ಕೆಲಸ ಇನ್ನು ಮೂರು ದಿನ ರ‍್ಯಾಕ್‌ಗೆ ವಾಪಸ್.